ಇನ್ನೊಂದು ಕೆಂಪು ಸಾಲು

ಪರದೆಯ ಮೇಲೆ ಒಂದು ಸಾಲು ಇಂದೂ ಕೆಂಪಗಾಗಿತ್ತು.

"ನಿನ್ನೆ ಸಂಜೆ ಎಲ್ಲಾ ಹಸಿರಾಗಿತ್ತಲ್ರೀ!" ಮ್ಯಾನೇಜರ್ ಹಣೆ ಚಚ್ಚಿಕೊಂಡ. "ಯಾರೋ ಬೇಕಂತಲೇ ಕೆಡಿಸ್ತಿದ್ದಾರೆ."

ಪರದೆಯ ಮುಂದೆ ಕುಳಿತಿದ್ದ ತಮ್ಮನು ಆ ಸಾಲನ್ನು ಒತ್ತಿ ತೆರೆದ. ಕ್ವಾಂಟಮ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಬಳಸುವ ಆ ಟೂಲ್‌ಕಿಟ್ಟನ್ನು ಮೊದಲು ಕಟ್ಟಿದವನು ಅವನ ಅಣ್ಣ. ಅಣ್ಣ ತೀರಿಕೊಂಡ ಮೇಲೆ ಅದನ್ನು ಈ ಕಾಲದ ಭಾಷೆಯಲ್ಲಿ ಬುಡದಿಂದ ಕಟ್ಟುವ ಕೆಲಸ ಅವನ ಮತ್ತು ಅತ್ತಿಗೆಯ ಹೆಗಲಿಗೆ ಬಿತ್ತು. ನಿಯಮ ಸರಳ: ಬೆಳಗಿನ ಪರೀಕ್ಷೆಗಳಲ್ಲಿ ಹಳೆಯದೂ ಹೊಸದೂ ಒಂದೇ ಉತ್ತರ ಕೊಟ್ಟು ಎಲ್ಲ ಸಾಲೂ ಹಸಿರಾಗಬೇಕು. ಹಾಗಾದ ದಿನವೇ ಹಳೆಯದನ್ನು ಅಳಿಸಿ, ಅದು ಓಡುವ ಮುದಿ ಕಂಪ್ಯೂಟರನ್ನು ಗುಜರಿಗೆ ಹಾಕಬೇಕು.

ಅಣ್ಣ ಸತ್ತಾಗ ತಮ್ಮನಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಕಲ್ಲೆದೆಯವನು ಎಂದು ನೆಂಟರು ಆಡಿಕೊಂಡರು. ಅದೂ ಅವನಿಗೆ ತಟ್ಟಲಿಲ್ಲ. ದಿನವೂ ಎಲ್ಲರಿಗಿಂತ ಮೊದಲು ಬಂದು, ಹಳೆಯದನ್ನು ತಾನೇ ಶುರು ಮಾಡಿ, ಪರೀಕ್ಷೆ ಓಡಿಸುತ್ತಿದ್ದ. ಆ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ.

ತಂಡದವರೆಲ್ಲ ಒಂದೇ ಲಾಗಿನ್ ಬಳಸುವ ಸೋಮಾರಿತನ ಅಣ್ಣನ ಕಾಲದಿಂದ ಬಂದದ್ದು. ಹಾಗಾಗಿ ಇದು ಯಾರ ಕೈವಾಡವೆಂದು ತಿಳಿಯುವಂತಿರಲಿಲ್ಲ. ಅನುಮಾನಕ್ಕೇನೂ ಬರವಿರಲಿಲ್ಲ.

"ನಿಮ್ಮ ಅತ್ತಿಗೆನೇ ಇರ್ಬೇಕು ಕಣ್ರೀ," ಮ್ಯಾನೇಜರ್ ದನಿ ತಗ್ಗಿಸಿದ. "ಗಂಡ ಮಾಡಿಟ್ಟಿದ್ದನ್ನ ಅಳಿಸೋಕೆ ಯಾರಿಗೆ ಮನಸ್ಸು ಬರುತ್ತೆ? ಆದ್ರೆ ನಾಳೇನೂ ಹೀಗಾದ್ರೆ ಅವರನ್ನ ಕೆಲಸದಿಂದ ತೆಗೀಲೇಬೇಕಾಗುತ್ತೆ."

ಅತ್ತಿಗೆ ಆಗಲೇ ತಪ್ಪು ಹುಡುಕಿದ್ದಳು. ಹೊಸದರಲ್ಲಿ ಯಾರೋ ಒಂದು ಮೈನಸ್ ಗುರುತು ತುರುಕಿದ್ದರು. ಬಲಕ್ಕೆ ತಿರುಗಬೇಕಾದ ಕ್ಯೂಬಿಟ್, ಅಂದರೆ ಕ್ವಾಂಟಮ್ ಲೆಕ್ಕದ ಮೂಲ ಘಟಕ, ಎಡಕ್ಕೆ ತಿರುಗುತ್ತಿತ್ತು. ಅವಳ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು.

"ಅತ್ತಿಗೆ, ಮ್ಯಾನೇಜರಿಗೆ ನಿಮ್ಮ ಮೇಲೆ..."

"ಗೊತ್ತು. ನಾನ್ಯಾಕೋ ಕೆಡಿಸ್ಲಿ? ನಿಮ್ಮಣ್ಣ ಬರೆದಿದ್ದನ್ನ ದಿನಾ ಓದ್ತಾ ಕೂತ್ರೆ, ಅವರು ದಿನಾ ಹೊಸದಾಗಿ ತೀರ್ಕೊಂಡ ಹಾಗಾಗುತ್ತೆ ನಂಗೆ. ಇದೊಂದು ಮುಗಿದ್ರೆ ಸಾಕಪ್ಪಾ."

"ಮುಗಿಯುತ್ತೆ ಬಿಡಿ, ಅತ್ತಿಗೆ."

ಸಂಜೆಯ ಹೊತ್ತಿಗೆ ಎಲ್ಲ ಸಾಲೂ ಹಸಿರಾಯಿತು. ಅತ್ತಿಗೆ ಎಷ್ಟೋ ದಿನಗಳ ಮೇಲೆ ನಕ್ಕಳು. ಬ್ಯಾಗು ಹೆಗಲಿಗೇರಿಸಿ ಹೊರಟವಳನ್ನು ತಮ್ಮನು ಬಾಗಿಲವರೆಗೆ ಕಳಿಸಿಕೊಟ್ಟ.

ವಾಪಸ್ ಬಂದು ಅವಳ ಕುರ್ಚಿಯಲ್ಲಿ ಕುಳಿತ. ಹಸಿರು ಸಾಲುಗಳಲ್ಲಿ ಬೇರೊಂದನ್ನು ಆರಿಸಿ ಕೆಡಿಸಿದ. ನಾಳೆ ಅತ್ತಿಗೆಯ ಗತಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಅದೂ ತಟ್ಟಲಿಲ್ಲ.

ಬೆಳಿಗ್ಗೆ ಖಾಲಿ ಕಚೇರಿಯಲ್ಲಿ ಹಳೆಯ ಟೂಲ್‌ಕಿಟ್ ಶುರುವಾಯಿತು. ಶುರುವಾದಾಗಲೆಲ್ಲ ಮೂಡುವಂತೆ ಅಣ್ಣ ಬರೆದಿಟ್ಟಿದ್ದ ಸಾಲು ಪರದೆಯ ಮೇಲೆ ಮೂಡಿತು: "ಬಂದ್ಯೇನೋ ತಮ್ಮಾ? ತಿಂಡಿ ಆಯ್ತಾ?"