ಯಾರಿಗೂ ಹೇಳಬೇಡಿ

ಓಟಿಪಿ ಹೋಗಿ ಹೋಗಿ ಅಪ್ಪನ ಫೋನಿಗೇ ಹೋಯಿತು.

ಶಾಲೆಯ ದಾಖಲೆಯಲ್ಲಿದ್ದದ್ದು ಅಪ್ಪನ ನಂಬರು. ಅರ್ಜಿ ತುಂಬುವಾಗ ಅದೇ ತಾನಾಗಿ ಬಂದು ಕೂತಿತ್ತು, ಹುಡುಗಿ ಗಮನಿಸಿರಲಿಲ್ಲ. ಐದಕ್ಕೆ ಅರ್ಜಿ ಮುಚ್ಚುತ್ತದೆ, ಗೋಡೆಯ ಗಡಿಯಾರ ಐದರ ಹತ್ತಿರ ಬಂದುಬಿಟ್ಟಿದೆ. ಅವಳ ಫೋನೋ, ಚಾರ್ಜಿಲ್ಲದೆ ಮಧ್ಯಾಹ್ನವೇ ಕಣ್ಣು ಮುಚ್ಚಿತ್ತು. ಕಂಪ್ಯೂಟರ್ ಅಂಗಡಿಯವರು ತಮ್ಮ ಫೋನನ್ನೇ ಅವಳ ಕೈಗಿಟ್ಟರು. “ಮಾಡು ತಾಯಿ. ಆ ಆರು ಅಂಕಿ ಹಾಕ್ದೆ ಇದು ಮುಂದಕ್ಕೆ ಹೋಗಲ್ಲ.”

ನಂಬರು ಒತ್ತಲು ಅವಳು ಹಿಂದೆಮುಂದೆ ನೋಡಿದಳು. ಮನೆಯಲ್ಲಿ ಅವಳು ಹೇಳಿ ಬಂದದ್ದು ಬಿಕಾಂ ಎಂದು. ಮಗಳು ಯೂನಿವರ್ಸಿಟಿಗೆ ಹೋಗುತ್ತಾಳೆಂದು ಅಮ್ಮ ಆಗಲೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಪರದೆಯ ಮೇಲಿದ್ದದ್ದು ಮಾತ್ರ ಲಿಫ್ಟ್ ಮೆಕ್ಯಾನಿಕ್ ತರಬೇತಿ. ಅಪ್ಪನೂ ಲಿಫ್ಟ್ ಮೆಕ್ಯಾನಿಕ್ಕೇ. “ಈ ಗ್ರೀಸು ನನ್ನ ಕೈಯಲ್ಲೇ ಮುಗೀಲಿ” ಎಂಬುದು ಊಟಕ್ಕೆ ಕೂತಾಗಲೆಲ್ಲ ಅವನು ಹೇಳುವ ಮಾತು.

“ಅಪ್ಪಾ, ನಾನು. ನಿನ್ನ ಫೋನಿಗೆ ಆರು ಅಂಕಿ ಬಂದಿರುತ್ತೆ, ಬೇಗ ಹೇಳು.”

“ಯಾರು ಮಾತಾಡ್ತಿರೋದು?”

“ನಿನ್ನ ಮಗಳಪ್ಪ.”

“ಹಾಗಂತ ಎಲ್ರೂ ಹೇಳ್ತಾರೆ.”

ಹೋದ ವರ್ಷ ಜೇನಿನಂಥ ದನಿಯವನೊಬ್ಬ ಬ್ಯಾಂಕಿನವನೆಂದು ಹೇಳಿಕೊಂಡು ಹೀಗೇ ನಂಬರು ಕೇಳಿ ಅಪ್ಪನ ಸಂಬಳವನ್ನು ಪೂರ್ತಿ ಬಳಿದುಕೊಂಡು ಹೋಗಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅಪ್ಪನಿಗೆ ಅದು ಬೇಕಾದ್ದಕ್ಕಿಂತ ಒಂದು ಸೇರು ಜಾಸ್ತಿಯೇ ಬಂದಿತ್ತು.

“ನನ್ನ ದನಿ ಗೊತ್ತಾಗಲ್ವಾ ನಿನಗೆ?”

“ಈಗ ದನೀನೂ ಕದೀತಾರಂತೆ. ಚಿಕ್ಕೋಳಿದ್ದಾಗ ನಿನ್ನ ಏನಂತ ಕರೀತಿದ್ದೆ, ಹೇಳು.”

ಅವಳು ಹಿಂದೆ ತಿರುಗಿ ನೋಡಿದಳು. ಸಾಲಿನಲ್ಲಿದ್ದವರೆಲ್ಲ ಮೈಯೆಲ್ಲ ಕಿವಿಯಾಗಿ ನಿಂತಿದ್ದರು. “ಬಾಲ” ಎಂದಳು, ಬಾಯಿಗೆ ಕೈ ಅಡ್ಡ ಹಿಡಿದು.

“ಕೇಳಿಸ್ಲಿಲ್ಲ.”

“ಬಾಲ ಅಂತಿದ್ದೆ ಕಣಪ್ಪ, ಬಾಲ.” ಯಾರೋ ಕಿಸಕ್ಕೆಂದರು. ರಜೆಯ ದಿನ ಅಪ್ಪ ಕೆಲಸಕ್ಕೆ ಹೊರಟರೆ ಸ್ಪ್ಯಾನರಿನ ಚೀಲ ಹಿಡಿದುಕೊಂಡು ಹಿಂದೆಯೇ ಹೊರಡುತ್ತಿದ್ದವಳಿಗೆ ಬಿದ್ದ ಹೆಸರು ಅದು.

“ಸರಿ. ಇನ್ನೊಂದೇ ಪ್ರಶ್ನೆ” ಎಂದ ಅಪ್ಪ. “ಯಾವ ಕೋರ್ಸಿಗೆ ಹಾಕ್ತಿದೀಯ? ನನ್ನ ಮಗಳಾದ್ರೆ ಗೊತ್ತಿರುತ್ತೆ.”

ಒಳ್ಳೆಯ ಪರೀಕ್ಷೆ ಇದು: ಸುಳ್ಳು ಹೇಳಿದರೆ ಮಗಳು, ನಿಜ ಹೇಳಿದರೆ ಕಳ್ಳಿ.

“ಬಿಕಾಂ” ಎಂದಳು.

“ತಪ್ಪು” ಎಂದ ಅಪ್ಪ. ಫೋನು ಕಟ್ಟಾಯಿತು.

ಅವಳು ಕಂಗಾಲಾಗಿ ಅಂಗಡಿಯವರ ಮುಖ ನೋಡಿದಳು. ಅವರು ಕನಿಕರದಿಂದ ತಲೆ ಆಡಿಸಿದರು. “ಮೆಸೇಜಲ್ಲಿ ಕೋರ್ಸಿನ ಹೆಸರೂ ಇರುತ್ತೆ ತಾಯಿ. ನಿಮ್ಮಪ್ಪ ಅದನ್ನ ಓದ್ಕೊಂಡೇ ನಿನ್ನ ಕೇಳಿರೋದು. ನೋಡು, ಇನ್ನು ನಾಲ್ಕೇ ನಿಮಿಷ.”

ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು. ಮತ್ತೆ ಅದೇ ನಂಬರು ಒತ್ತಿದಳು. ಉದ್ದಕ್ಕೆ ರಿಂಗಾಗಿ, ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಪ್ಪ ಎತ್ತಿಕೊಂಡ.

“ಯಾರು?”

“ಬಾಲ.” ಈ ಸಲ ಅವಳು ಯಾರ ಕಡೆಗೂ ನೋಡಲಿಲ್ಲ. “ಲಿಫ್ಟ್ ಮೆಕ್ಯಾನಿಕ್ ಕೋರ್ಸಪ್ಪ. ಸುಳ್ಳು ಹೇಳ್ದೆ, ತಪ್ಪಾಯ್ತು. ಆದ್ರೆ ನನಗೆ ಅದೇ ಬೇಕು.”

“ಬೇಡ ಅಂತ ಎಷ್ಟು ಸಲ ಹೇಳಿದೀನಿ. ಲಿಫ್ಟಿನ ಬಾವಿಯೊಳಗೆ ನೇತಾಡೋ ಕೆಲಸ ಇದು.”

“ಗೊತ್ತು. ನೀನೀಗ ಅಲ್ಲೇ ಇದೀಯ, ಲಿಫ್ಟಿನ ನೆತ್ತಿ ಮೇಲೆ ನಿಂತಿದೀಯ. ನಿನಗೆ ನನ್ನ ದನಿ ಗೊತ್ತಾಗ್ಲಿಲ್ಲ. ನನಗೆ ನಿನ್ನ ದನಿಯಲ್ಲಿ ನೀನು ನಿಂತಿರೋ ಜಾಗಾನೂ ಗೊತ್ತಾಗುತ್ತೆ.”

ಫೋನಿನ ಆ ಕಡೆ ಆಳದಲ್ಲೆಲ್ಲೋ ಯಾರೋ ಕಬ್ಬಿಣದ ಬಾಗಿಲು ಎಳೆದ ಸದ್ದು ಮೇಲೆ ಬಂತು. ಅಂಗಡಿಯವರು ಬೆರಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಅಪ್ಪ ಏನೂ ಮಾಡಬೇಕಾಗಿಲ್ಲ, ಹೀಗೇ ಸುಮ್ಮನಿದ್ದರೆ ಸಾಕು, ಐದಾಗುತ್ತದೆ. ಅದು ಅವನಿಗೂ ಗೊತ್ತಿದೆಯೆಂದು ಅವಳಿಗೆ ಹೊಳೆಯಿತು.

“ಬರ್ಕೋ” ಎಂದ ಅಪ್ಪ.

ನಾಲ್ಕು. ಒಂದು. ಒಂದು. ಎಂಟು. ಸೊನ್ನೆ. ಅಷ್ಟಕ್ಕೆ ನಿಂತುಬಿಟ್ಟ.

“ಕೊನೇದು ಅಪ್ಪಾ?”

“ಇರು, ಕನ್ನಡಕ ಒರೆಸ್ಕೋತೀನಿ.” ಎರಡು ಸಲ ಮೂಗು ಎಳೆದುಕೊಂಡ ಸದ್ದು. “ಏಳು.”

ಅಂಗಡಿಯವರು ಒತ್ತಿದರು. ಪರದೆಯ ಮೇಲೊಂದು ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಅರ್ಜಿ ಸ್ವೀಕೃತ ಎಂಬ ಹಸಿರು ಅಕ್ಷರ ಮೂಡಿತು. ಅವಳಿಗೆ ಅಳು ಬಂತು, ಅಲ್ಲೇ ಎಲ್ಲರೆದುರಿಗೆ ಅತ್ತಳು.

“ಹೋಯ್ತಾ?” ಅಪ್ಪ ಇನ್ನೂ ಫೋನಿನಲ್ಲೇ ಇದ್ದ.

“ಹೋಯ್ತಪ್ಪ.”

“ಈ ಮೆಸೇಜಿನ ಕೆಳಗೆ ಇನ್ನೊಂದು ಸಾಲಿದೆ ಕಣೇ. ಇದನ್ನು ಯಾರಿಗೂ ಹೇಳಬೇಡಿ ಅಂತ. ನಾನಂತೂ ಹೇಳಲ್ಲ. ನಿಮ್ಮಮ್ಮನಿಗೆ ನೀನೇ ಹೇಳ್ಕೋ.”