ಸುಟ್ಟ ಪಂಪಿನ ಮುಂದೆ

“ಇನ್ನು ಇದನ್ನ ಎಲ್ಲಿಂದ ತರ್ಲಿ?” ಎಂದು ಮುತಸಿಮ್ ಗಟ್ಟಿಯಾಗಿಯೇ ಕೇಳಿದ, ಯಾರನ್ನೂ ಅಲ್ಲ. ಸುಡಾನಿನ ಅತ್ಬರಾ ಊರಿನ ಆಸ್ಪತ್ರೆಯಲ್ಲಿ ಉಳಿದಿದ್ದ ಕಡೆಯ ಡಯಾಲಿಸಿಸ್ ಯಂತ್ರವನ್ನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಟೈ ಹೆಗಲ ಮೇಲಿತ್ತು, ಸುಟ್ಟ ಪಂಪು ಅಂಗೈಯಲ್ಲಿತ್ತು. ಯುದ್ಧ ಶುರುವಾದ ಮೇಲೆ ಹೊಸ ಪಂಪು ಬರುವ ದಾರಿಗಳೆಲ್ಲ ಮುಚ್ಚಿದ್ದವು. ಯಂತ್ರವಿಲ್ಲದೆ, ಪಕ್ಕದ ಹಾಸಿಗೆಯಲ್ಲಿದ್ದ ಮುದುಕಿ ಹಾಜಾ ಬತೂಲ್ ಈ ವಾರ ದಾಟುವಂತಿರಲಿಲ್ಲ.

“ದೊಡ್ಡ ಸಾಹೇಬ್ರು ನೆಲಕ್ಕಿಳಿದ್ರಲ್ಲಪ್ಪಾ! ಕುರ್ಚಿ ಕಚ್ತಾ?” ಎಂದು ಮುದುಕಿ ನಕ್ಕಳು.

“ಕುರ್ಚಿ ಮೇಲಿಂದ ಸ್ಕ್ರೂ ಕಾಣಲ್ಲ, ಚಿಕ್ಕಮ್ಮ.”

“ನಾಳೆ ಸರಿಹೋಗತ್ತೆ ತಾನೇ? ಇನ್ಶಾ ಅಲ್ಲಾ ಅನ್ನು, ಮಗಾ.”

ಅವನ ಬಾಯಿ ತಾನಾಗಿಯೇ ತೆರೆಯಿತು. ರಿಪೇರಿಯ ಇಂಜಿನಿಯರಾಗಿ ಬಂದವನನ್ನು ಐದು ಆಸ್ಪತ್ರೆಗಳ ನಿರ್ದೇಶಕನ ಪಟ್ಟಕ್ಕೆ ಏರಿಸಿದ್ದೇ ‘ದೇವರು ಮನಸ್ಸು ಮಾಡಿದರೆ’ ಎಂಬ ಆ ಮಾತು. ಸಂಬಳ ಕೇಳಿದ ನರ್ಸುಗಳಿಗೆ, ಔಷಧ ಕೇಳಿದ ವೈದ್ಯರಿಗೆ, ಇಲ್ಲ ಎನ್ನಬೇಕಾದಲ್ಲೆಲ್ಲ ದೇವರ ಹೆಸರನ್ನು ಮುಂದೆ ನಿಲ್ಲಿಸಿ ತಾನು ಮರೆಯಾಗಿದ್ದ. ಅವರೂ ಅದು ‘ಇಲ್ಲ’ವೆಂದೇ ಅರ್ಥಮಾಡಿಕೊಂಡು, ಚಹಾ ಮುಗಿಸಿ ಎದ್ದು ಹೋಗುತ್ತಿದ್ದರು. ಈ ಮುದುಕಿ ಹಾಗಲ್ಲ. ಆ ಮಾತನ್ನು ಮಾತಾಗಿಯೇ ನಂಬಿದವಳು. ಆಮೀನ್ ಎನ್ನಲು ಕಣ್ಣು ಮುಚ್ಚಿ, ಬಾತ ಎರಡೂ ಅಂಗೈಗಳನ್ನು ಮೇಲಕ್ಕೆ ತೆರೆದು ಕಾಯುತ್ತಿದ್ದಳು.

“ಅನ್ನು, ಮಗಾ. ಅಷ್ಟೇ ಸಾಕು ನಂಗೆ.”

ಮುತಸಿಮ್ ಆ ಅಂಗೈಗಳನ್ನು ನೋಡಿದ.

“ಇಲ್ಲ, ಚಿಕ್ಕಮ್ಮ,” ಎಂದ. “ಅನ್ನೋದಿಲ್ಲ.”