ದೀಪದ ಬಳಿ ಇಟ್ಟ ಗೊಬ್ಬರ

ಬೆಲ್ಲ ಕುಟ್ಟುವಾಗ ಇಂದಿಗೂ ನನ್ನ ಮೂಗಿಗೆ ಬರುವುದು ದೇವರ ಕೋಣೆಯ ದೀಪದೆಣ್ಣೆಯ ವಾಸನೆ.

ಅಂದು ತಂಗಡಗಿಯ ನಮ್ಮ ಮನೆಯಲ್ಲಿ ನಾನು ಬೆಲ್ಲ ಕುಟ್ಟುತ್ತಿದ್ದೆ. ಬೆಲ್ಲದ ನೀರಿಗೆ ಜೀವಾಣು ಗೊಬ್ಬರ ಕಲಸಿ, ಅದರಲ್ಲಿ ಭತ್ತದ ಸಸಿಗಳ ಬೇರು ಅದ್ದಿ ನೆಡಬೇಕಿತ್ತು. ಆ ವರ್ಷ ಅಪ್ಪ ಯೂರಿಯಾ ಕಡಿಮೆ ಮಾಡಿ, ಬೆಳೆಯ ಭಾರವನ್ನೆಲ್ಲ ಆ ಗೊಬ್ಬರದ ಮೇಲೆ ಹಾಕಿದ್ದ. ಗೊಬ್ಬರದ ಪ್ಯಾಕೆಟ್ ಒಯ್ಯಲು ಬಂದ ಅಪ್ಪ ದೇವರ ಕೋಣೆಯಿಂದಲೇ ಕೂಗಿದ.

“ಯವ್ವಾ, ಇದನ್ನ ದೀಪದ ಬಾಜೂಕ ಯಾಕ ಇಟ್ಟೀಬೇ? ಕಾದು ಕೆಂಡ ಆಗೇತಿ!”

“ಇದರಾಗ ಜೀವ ಐತಿ ಅಂತ ನೀನ ಹೇಳಿದ್ಯಲ್ಲೋ. ಜೀವ ಕಾಯಾಂವ ದೇವರ ಅಲ್ಲೇನು?” ಎಂದಳು ಅಪ್ಪನ ತಾಯಿ, ನಮ್ಮ ಆಯಿ.

“ಬಿಸಿಗೆ ಅವು ಸಾಯ್ತಾವ.”

“ಸತ್ತಾವೇನು?”

“ಕಣ್ಣಿಗೆ ಕಾಣಂಗಿಲ್ಲಬೇ. ಹೆಂಗ ಹೇಳ್ಲಿ?”

ಮುದ್ದೇಬಿಹಾಳದ ಅಂಗಡಿಯಲ್ಲಿ ಗೊಬ್ಬರ ತೀರಿತ್ತು. ನಾಟಿಯ ಹೆಂಗಸರು ಆಗಲೇ ಗದ್ದೆಗೆ ಇಳಿದಿದ್ದರು. ಆಯಿ ಪ್ಯಾಕೆಟ್ ಬಿಚ್ಚಿ, ಚಿಟಿಕೆ ಕಪ್ಪು ಪುಡಿಯನ್ನು ಅಂಗೈಗೆ ಹಾಕಿಕೊಂಡು ನನ್ನ ಮುಂದೆ ಹಿಡಿದಳು.

“ನಿನ್ನ ಕಣ್ಣು ಚುರುಕ ಅದಾವ. ಏನರ ಅಲಗಾಡ್ತೈತೇನು, ನೋಡವ್ವಾ.”

ಬಗ್ಗಿ ನೋಡಿದೆ. ಆಯಿಯ ಕೈ ನಡುಗುತ್ತಿತ್ತು. ಅದರೊಡನೆ ಪುಡಿಯೂ ನಡುಗುತ್ತಿತ್ತು.

“ಅಲಗಾಡಾಕತ್ತೈತಿ, ಆಯಿ.”

“ಶಿವಾ, ಉಳಿಸಿದಿ,” ಎಂದು ಅವಳು ಕಣ್ಣು ಮುಚ್ಚಿದಳು.

ಅಪ್ಪ ಪ್ಯಾಕೆಟ್ಟನ್ನೂ ಕುಟ್ಟಿದ ಬೆಲ್ಲವನ್ನೂ ಎತ್ತಿಕೊಂಡು ಗದ್ದೆಗೆ ಹೋದ. ನಾನು ನಾಟಿಯವರ ಬುತ್ತಿಗೆ ರೊಟ್ಟಿ ಕಟ್ಟಲು ಎದ್ದೆ.